ಬೆಕ್ಕು ಪರಚೋದನ್ನ ಬಿಡಿಸಬೇಡಿ, ಜಾಗ ಬದಲಿಸಿ

ಬೆಕ್ಕು ಸಾಕಿದ ಮನೆಯವರೆಲ್ಲ ನನ್ನ ಹತ್ತಿರ ಹೇಳೋ ದೂರು ಒಂದೇ. ಸೋಫಾ ಹಾಳಾಯ್ತು, ಕರ್ಟನ್ ನೂಲು ನೂಲಾಯ್ತು, ಏನು ಮಾಡೋದು? ಪರಚುವುದನ್ನೇ ನಿಲ್ಲಿಸಲು ಹೋಗಬೇಡಿ, ಅದು ಆಗುವ ಮಾತಲ್ಲ. ಸೋಫಾಗಿಂತ ಒಳ್ಳೆಯ ಜಾಗ ಕೊಟ್ಟರೆ ಬೆಕ್ಕು ತಾನೇ ಅಲ್ಲಿಗೆ ಹೋಗುತ್ತದೆ.

ನಿಮ್ಮ ಮೇಲಿನ ಸಿಟ್ಟಿಗೆ ಅದು ಪರಚುವುದಲ್ಲ. ಉಗುರಿನ ಮೇಲಿನ ಹಳೇ ಪದರ ಕಳಚಬೇಕು, ಅದಕ್ಕೆ. ಸೋಫಾದ ಬುಡ ಗುಡಿಸುವಾಗ ನೋಡಿ, ಅರ್ಧಚಂದ್ರದ ಹಾಗೆ ಬಾಗಿದ ತೆಳು ಸಿಪ್ಪೆ ಸಿಗುತ್ತದೆ, ಒಳಗೆಲ್ಲ ಟೊಳ್ಳು. ಉಗುರೇ ಕಿತ್ತುಬಂತು ಅಂತ ಗಾಬರಿಯಾಗಬೇಡಿ, ಅದು ಬರೀ ಹೊರಗಿನ ಕವಚ. ಇನ್ನೊಂದು ಕಾರಣ ವಾಸನೆ. ಅಂಗಾಲಿನಲ್ಲಿ ವಾಸನೆಯ ಗ್ರಂಥಿಗಳಿವೆ. ಪರಚಿದ ಕಡೆ ಬೆಕ್ಕು ತನ್ನ ಗುರುತು ಬಿಡುತ್ತದೆ. ನಾವು ದಿನಾ ಕೂರುವ ಸೋಫಾನೇ ಅದಕ್ಕೆ ಬೇಕಾಗುವುದು, ಒಮ್ಮೆ ಪರಚಿದಲ್ಲಿಗೇ ಮತ್ತೆ ಮತ್ತೆ ಬರುವುದು ಇದಕ್ಕೇ.

ಹಾಗಾಗಿ ಒಂದು ಕಂಬ ಮಾಡಿಕೊಡಿ. ಅಂಗಡಿಯಲ್ಲಿ ಸಿಗುವ ಎಷ್ಟೋ ಕಂಬಗಳು ಗಿಡ್ಡ, ಹಗುರ. ಬೆಕ್ಕು ಹಿಂಗಾಲ ಮೇಲೆ ನಿಂತು ಮೈಯೆಲ್ಲ ಎಳೆದು ಪರಚಬೇಕು, ಆಗಲೇ ಅದಕ್ಕೆ ಸಮಾಧಾನ. ಕಂಬ 3 ಅಡಿಯಾದರೂ ಇರಲಿ. ಅಲ್ಲಾಡಬಾರದು, ಒಂದು ಸಲ ಮೈಮೇಲೆ ವಾಲಿತು ಅಂದರೆ ಮತ್ತೆ ಆ ಕಡೆ ತಿರುಗಿಯೂ ನೋಡುವುದಿಲ್ಲ. ದಪ್ಪ ಹಲಗೆಯ ಮೇಲೆ ಮರದ ತುಂಡು ನಿಲ್ಲಿಸಿ, ಕೆಳಗಿಂದ ಉದ್ದ ಸ್ಕ್ರೂ ಹೊಡೆಸಿ. ಆಮೇಲೆ ತೆಂಗಿನ ನಾರಿನ ಹಗ್ಗವನ್ನು ಎಲ್ಲೂ ಸಂದಿ ಬಿಡದೆ ಬಿಗಿಯಾಗಿ ಸುತ್ತಿ. ಕಂಬ 10 ಸೆಂಟಿಮೀಟರ್ ದಪ್ಪ, ಹಗ್ಗ 8 ಮಿಲಿಮೀಟರ್ ಆದರೆ ಸುಮಾರು 40 ಮೀಟರ್ ಬೇಕಾಗುತ್ತದೆ. ಕಡಿಮೆ ತಂದು ಅರ್ಧಕ್ಕೆ ನಿಲ್ಲಿಸಬೇಡಿ. ನೈಲಾನ್ ಹಗ್ಗ ಬೇಡ, ಉಗುರಿಗೆ ಹಿಡಿತ ಸಿಗದೆ ಜಾರುತ್ತದೆ. ಕೆಲವು ಬೆಕ್ಕುಗಳಿಗೆ ನೆಲದ ಮೇಲೆ ಪರಚುವುದೇ ಇಷ್ಟ. ಕಾಲೊರಸನ್ನೇ ಹಿಡಿದು ಕೀಳುವ ಬೆಕ್ಕಾದರೆ ಹಲಗೆಗೆ ದಪ್ಪ ಗೋಣಿ ಬಿಗಿದು ಮಲಗಿಸಿಡಿ, ಸಾಕು.

ಕಂಬ ಚೆನ್ನಾಗಿದ್ದರೂ ಇಡುವ ಜಾಗ ತಪ್ಪಿದರೆ ಎಲ್ಲ ದಂಡ. ನೋಡಲು ಚೆಂದವಿಲ್ಲ ಅಂತ ಬಾಲ್ಕನಿ ಮೂಲೆಗೆ ತಳ್ಳುತ್ತಾರೆ, ಬೆಕ್ಕಿಗೆ ಅಲ್ಲೇನು ಕೆಲಸ? ಹರಿದ ಸೋಫಾದ ಪಕ್ಕದಲ್ಲೇ ಇಡಿ. ಇನ್ನೊಂದು ಕಂಬ ಮಾಡುವುದಾದರೆ ಅದು ಬೆಕ್ಕು ಮಲಗುವ ಕಡೆ ಇರಲಿ, ಎದ್ದ ಕೂಡಲೇ ಮೈಮುರಿದು ಪರಚುವುದು ಎಲ್ಲ ಬೆಕ್ಕಿನ ಅಭ್ಯಾಸ. ಹಿತ್ತಲಲ್ಲಿ ಕಳೆಯಾಗಿ ಬೆಳೆಯುವ ಕುಪ್ಪಿಗಿಡ ಗೊತ್ತಲ್ವಾ? ಅದರ ಬೇರಿನ ವಾಸನೆಗೆ ಎಷ್ಟೋ ಬೆಕ್ಕುಗಳು ಮರುಳಾಗಿ ಹೊರಳಾಡುತ್ತವೆ. ತಾಜಾ ಬೇರು ತೊಳೆದು, ಹಗ್ಗದ ಮೇಲೆ ಚೆನ್ನಾಗಿ ಉಜ್ಜಿ. ಕಂಬ ರೂಢಿಯಾಗುವವರೆಗೆ ಸೋಫಾದ ಮೂಲೆಗೆ ಎರಡೂ ಕಡೆ ಅಂಟುವ ಟೇಪ್ ಹಚ್ಚಿಡಿ, ಕಾಲಿಗೆ ಅಂಟುವುದು ಬೆಕ್ಕಿಗೆ ಆಗಿಬರುವುದಿಲ್ಲ. ಕಂಬ ಮುಟ್ಟಿದ ತಕ್ಷಣ ಒಂದು ಚೂರು ಮೀನು ಕೊಡಿ. ಹಗ್ಗ ಜೂಲು ಜೂಲಾಯಿತೆಂದು ಬೇಗ ಕಿತ್ತೆಸೆಯಬೇಡಿ, ಬೆಕ್ಕಿನ ವಾಸನೆ ಇರುವುದೇ ಅದರಲ್ಲಿ.

ಹೊಡೆಯಬೇಡಿ, ನೀರು ಎರಚಬೇಡಿ. ಬೆಕ್ಕು ಕಲಿಯುವುದು ಒಂದೇ, ನೀವಿದ್ದಾಗ ಪರಚಬಾರದು ಅಂತ. ಬೆಕ್ಕನ್ನು ದೂರ ಇಡಲು ನೀಲಗಿರಿ ಎಣ್ಣೆ, ಫಿನಾಯಿಲ್, ನ್ಯಾಫ್ತಲಿನ್ ಗುಳಿಗೆ ಬಳಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಇವು ಬೆಕ್ಕಿಗೆ ವಿಷ. ಕಾಲಿಗೆ ಹತ್ತಿದ್ದನ್ನು ಅದು ನೆಕ್ಕಿಕೊಳ್ಳುತ್ತದೆ ಅಲ್ವಾ? ಉಗುರು ತೆಗೆಸುವ ಆಪರೇಷನ್ನಿನ ಮಾತಂತೂ ಎತ್ತಲೇಬೇಡಿ. ಅದರಲ್ಲಿ ಪ್ರತಿ ಬೆರಳಿನ ಕೊನೆಯ ಮೂಳೆಯನ್ನೇ ಕತ್ತರಿಸುತ್ತಾರೆ.

ಅದರ ಬದಲು ಎರಡು ಮೂರು ವಾರಕ್ಕೊಮ್ಮೆ ಉಗುರಿನ ತುದಿ ಕತ್ತರಿಸಿ. ಬೆಕ್ಕು ತೂಕಡಿಸುವ ಹೊತ್ತಿನಲ್ಲಿ ಬೆರಳನ್ನು ಮೆಲ್ಲಗೆ ಒತ್ತಿದರೆ ಉಗುರು ಹೊರಗೆ ಬರುತ್ತದೆ. ಒಳಗೆ ಗುಲಾಬಿ ಬಣ್ಣ ಕಾಣುವ ಕಡೆ ನರ, ರಕ್ತ ಎರಡೂ ಇರುತ್ತವೆ. ಅದನ್ನು ಮುಟ್ಟದೆ ಮೊನೆ ಮಾತ್ರ ತೆಗೆಯಿರಿ. ಒಂದೇ ಸಲಕ್ಕೆ ಎಲ್ಲ ಉಗುರೂ ಆಗಬೇಕೆಂದೇನಿಲ್ಲ, ಕೊಸರಾಡಿದರೆ ಬಿಟ್ಟುಬಿಡಿ, ನಾಳೆ ಮಾಡಿದರಾಯಿತು. ವಯಸ್ಸಾದ ಬೆಕ್ಕಿನ ಮೇಲೆ ಮಾತ್ರ ಜಾಸ್ತಿ ಕಣ್ಣಿಡಿ. ಕೀಲು ನೋವಿಗೆ ಅದು ಪರಚುವುದನ್ನೇ ಕಡಿಮೆ ಮಾಡುತ್ತದೆ, ಉಗುರು ದಪ್ಪವಾಗಿ ಸುತ್ತಿಕೊಂಡು ಅಂಗಾಲಿಗೇ ಚುಚ್ಚುತ್ತದೆ. ಹಾಗೆ ಚುಚ್ಚಿದ್ದು ಕಂಡರೆ ನೀವು ಕತ್ತರಿ ಹಿಡಿಯದೆ ಪಶುವೈದ್ಯರ ಹತ್ತಿರ ಕರೆದೊಯ್ಯಿರಿ.