ನೈವಾಶಾದ ಗುಲಾಬಿ ತೋಟದಲ್ಲಿ ಐದು ವಾರ: ಕೀನ್ಯಾದಲ್ಲಿ ಕೆಲಸ ಮಾಡಿದ ನನ್ನ ಅನುಭವ

ದೊಡ್ಡಬಳ್ಳಾಪುರ ಮತ್ತು ಹೊಸೂರಿನ ಹೂವಿನ ತೋಟಗಳಿಗೆ ಕೋಲ್ಡ್ ರೂಂ ಕಟ್ಟಿಕೊಡುವುದು ನನ್ನ ವೃತ್ತಿ. ಕೀನ್ಯಾದ ನೈವಾಶಾದಿಂದ, ಅಲ್ಲಿನ ಒಂದು ಗುಲಾಬಿ ತೋಟದ ಹಳೆಯ ಕೋಲ್ಡ್ ರೂಂ ದುರಸ್ತಿಗಾಗಿ ನನ್ನನ್ನು ವಿಚಾರಿಸಿದ್ದು 2024ರ ಜನವರಿಯಲ್ಲಿ. ನೈರೋಬಿಯಿಂದ ಸುಮಾರು 90 ಕಿಲೋಮೀಟರ್ ದೂರದ ನೈವಾಶಾ ಸರೋವರದ ಸುತ್ತಲಿನ ಹಸಿರುಮನೆಗಳಲ್ಲಿ ಬೆಳೆದ ಹೂವು ಹೆಚ್ಚಾಗಿ ವಿಮಾನವೇರಿ ಯುರೋಪಿಗೆ ಹೋಗುತ್ತದೆ. ತೋಟಕ್ಕೆ ಬರುವ ಹಣ ಯೂರೋ, ಕೂಲಿಗೂ ಕರೆಂಟಿಗೂ ಕೊಡುವ ಹಣ ಕೀನ್ಯಾದ ಶಿಲ್ಲಿಂಗ್. ಇದನ್ನು ತಿಳಿದಿದ್ದರೂ ಇದರ ಅರ್ಥವನ್ನು ನಾನು ತಡವಾಗಿ ಗ್ರಹಿಸಿದೆ.

ಫೆಬ್ರವರಿ 14ರ ಪ್ರೇಮಿಗಳ ದಿನಕ್ಕೂ ನಂತರದ ತಾಯಂದಿರ ದಿನಗಳಿಗೂ ಹೂವು ಕಳಿಸುವಾಗ ಕೋಲ್ಡ್ ರೂಮನ್ನು ಒಂದು ಗಂಟೆಯೂ ನಿಲ್ಲಿಸಲಾಗದು. ಯುರೋಪಿನ ಬೇಸಿಗೆಯಲ್ಲಿ ಬೇಡಿಕೆ ತಗ್ಗುವುದರಿಂದ ಕೆಲಸವನ್ನು ಜೂನ್‌ಗೆ ಇಟ್ಟುಕೊಂಡೆವು. ಜನವರಿಯಲ್ಲಿ ಒಂದು ಡಾಲರಿಗೆ ಸುಮಾರು 160 ಶಿಲ್ಲಿಂಗ್ ಇತ್ತು. ಸ್ಥಳೀಯ ವೆಲ್ಡರುಗಳ ಕೂಲಿ, ಪೈಪು, ಸಾಗಣೆ ಎಲ್ಲಕ್ಕೂ 8 ಲಕ್ಷ ಶಿಲ್ಲಿಂಗ್ ಬೇಕೆಂದು ಅಂದಾಜಿಸಿ, ಅದನ್ನು 5,000 ಡಾಲರ್ ಎಂದು ಕೊಟೇಶನ್ನಿನಲ್ಲಿ ಬರೆದುಬಿಟ್ಟೆ. ಫೆಬ್ರವರಿಯಲ್ಲಿ ಕೀನ್ಯಾ ಸರ್ಕಾರ ಹೊಸ ಬಾಂಡ್ ಮಾರಿ, ಜೂನ್‌ನಲ್ಲಿ ತೀರಿಸಬೇಕಿದ್ದ ಹಳೆಯ ಡಾಲರ್ ಸಾಲಕ್ಕೆ ದಾರಿ ಮಾಡಿಕೊಂಡಿತು. ಸಾಲ ತೀರದೇನೋ ಎಂಬ ಭಯ ಹೋದದ್ದೇ ಶಿಲ್ಲಿಂಗ್ ಚೇತರಿಸಿಕೊಂಡು, ನಾನು ಹೋಗಿ ಇಳಿಯುವ ಹೊತ್ತಿಗೆ ಡಾಲರಿಗೆ 130ರ ಆಸುಪಾಸಿನಲ್ಲಿತ್ತು. ಅದೇ 8 ಲಕ್ಷಕ್ಕೆ ನನ್ನ ಕೈಯಿಂದ 6,150 ಡಾಲರ್ ಹೋಯಿತು. ಗ್ರಾಹಕರ ಮುಂದೆ ಹೇಳಿಕೊಳ್ಳೋಣವೆಂದರೆ ಅವರದೂ ಅದೇ ಗೋಳು: ಬಂದ ಯೂರೋಗೆ ಸಿಗುವ ಶಿಲ್ಲಿಂಗ್ ಕಡಿಮೆಯಾಗಿ ಸಂಬಳದ ಹೊರೆ ಏರಿತ್ತು. ಈಗ ಯಂತ್ರಕ್ಕೂ ನನ್ನ ಫೀಸಿಗೂ ಮಾತ್ರ ಡಾಲರ್ ಬರೆಯುತ್ತೇನೆ. ಸ್ಥಳೀಯ ಖರ್ಚನ್ನು ಶಿಲ್ಲಿಂಗಿನಲ್ಲೇ ಪ್ರತ್ಯೇಕವಾಗಿ ತೋರಿಸುತ್ತೇನೆ.

ಕಾಗದಪತ್ರಗಳ ಮಾತು ಚಿಕ್ಕದು. 2024ರ ಜನವರಿಯಿಂದ ವೀಸಾ ಬದಲು ಆನ್‌ಲೈನ್ ಪ್ರಯಾಣ ಅನುಮತಿ ಪಡೆಯಬೇಕು, ಆದರೆ ಅದು ಸಭೆ ಮತ್ತು ಮಾತುಕತೆಗಷ್ಟೇ ಸಾಕು. ಸ್ಪ್ಯಾನರ್ ಹಿಡಿದು ಕೆಲಸ ಮಾಡುವವರಿಗೆ ಸ್ಪೆಷಲ್ ಪಾಸ್ ಎಂಬ ಅಲ್ಪಾವಧಿ ಕೆಲಸದ ಅನುಮತಿ ಬೇಕಾದುದರಿಂದ ಅದನ್ನು ಮಾಡಿಸುವ ಹೊಣೆಯನ್ನು ತೋಟದವರಿಗೆ ಮೊದಲೇ ಒಪ್ಪಿಸಿದ್ದೆ. ಹಳದಿ ಜ್ವರದ ಲಸಿಕೆಯನ್ನು ಹೊರಡುವ ಹತ್ತು ದಿನ ಮೊದಲೇ ಹಾಕಿಸಿಕೊಳ್ಳಿ. ಅದರ ಪ್ರಮಾಣಪತ್ರವಿಲ್ಲದೆ ಮರಳಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆಹಿಡಿಯುತ್ತಾರೆ.

ನಾನು ಮುಂದಾಗಿ ಕಳಿಸಿದ್ದ ಕಂಟ್ರೋಲ್ ಪ್ಯಾನಲ್‌ಗೆ ಗುಣಮಟ್ಟದ ಪೂರ್ವ ಪರಿಶೀಲನಾ ಪ್ರಮಾಣಪತ್ರ ಇರಲಿಲ್ಲ. ಕೀನ್ಯಾಕ್ಕೆ ಹೋಗುವ ಬಹಳಷ್ಟು ಸರಕಿಗೆ ಅದನ್ನು ರಫ್ತಿಗೆ ಮೊದಲೇ, ಇಲ್ಲಿಯೇ ಪಡೆಯಬೇಕು. ನನ್ನ ಏಜೆಂಟರು ಅದನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಪ್ಯಾನಲ್ ಕಸ್ಟಮ್ಸಿನಲ್ಲಿ ಕುಳಿತಿದ್ದಾಗ ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಅಂಗಡಿಗಳನ್ನು ಎರಡು ದಿನ ಸುತ್ತಿ, ಬಿಡಿಭಾಗಗಳನ್ನು ಕೊಂಡು ಹೊಸದನ್ನೇ ಜೋಡಿಸಿದೆ. ತಲೆಮಾರುಗಳಿಂದ ಅಲ್ಲಿಯೇ ನೆಲೆಸಿದ ಗುಜರಾತಿ ಮೂಲದವರ ಅಂಗಡಿಗಳು ಆ ಭಾಗದಲ್ಲಿ ಹಲವು. ನನ್ನ ಹರಕು ಹಿಂದಿಗಿಂತ ಇಂಗ್ಲಿಷೇ ಅಲ್ಲಿ ಚೆನ್ನಾಗಿ ನಡೆಯಿತು.

ಕೂಲಿಯನ್ನು ಯಾರೂ ನಗದಾಗಿ ಕೇಳಲಿಲ್ಲ. ಎಲ್ಲರಿಗೂ ಎಂ-ಪೆಸಾದಲ್ಲೇ ಬೇಕಿತ್ತು. 2007ರಲ್ಲಿ ಆರಂಭವಾದ ಈ ಫೋನ್ ಪಾವತಿ ವ್ಯವಸ್ಥೆ ನಮ್ಮ ಯುಪಿಐಗಿಂತ ಬೇರೆ ಬಗೆಯದು. ಬಳಸುವವರ ಖಾತೆ ಇರುವುದು ಬ್ಯಾಂಕಿನಲ್ಲಲ್ಲ, ಫೋನ್ ಕಂಪನಿಯಲ್ಲಿ. ಇಂಟರ್ನೆಟ್ ಇಲ್ಲದ ಬಟನ್ ಫೋನಿನಿಂದಲೂ ಕಳಿಸಬಹುದು. ಪಾಸ್‌ಪೋರ್ಟ್ ತೋರಿಸಿ ಸಿಮ್ ಪಡೆದು ಅಂದೇ ಬಳಸತೊಡಗಿದೆ. ಕಳಿಸುವುದಕ್ಕೂ ತೆಗೆಯುವುದಕ್ಕೂ ಶುಲ್ಕವಿದೆ. ವಾರದ ಬಟವಾಡೆಯಲ್ಲಿ ತೆಗೆಯುವ ಶುಲ್ಕವನ್ನೂ ಸೇರಿಸಿ ಕಳಿಸುವುದು ಅಲ್ಲಿನ ರೂಢಿ ಎಂದು ಮೇಸ್ತ್ರಿ ಮೊದಲ ಶನಿವಾರವೇ ನಯವಾಗಿ ತಿಳಿಸಿದರು.

ತೆರಿಗೆಯ ವಿಷಯದಲ್ಲಿ ಮಾತ್ರ ನಾನು ಎಚ್ಚರವಾಗಿದ್ದೆ. ಹೊರದೇಶದವರ ವೃತ್ತಿಪರ ಶುಲ್ಕದಿಂದ ಕೀನ್ಯಾದಲ್ಲಿ ಸಾಮಾನ್ಯವಾಗಿ 20% ಮುರಿದುಕೊಳ್ಳುತ್ತಾರೆ. ಭಾರತದೊಂದಿಗಿನ ದ್ವಿತೆರಿಗೆ ತಪ್ಪಿಸುವ ಒಪ್ಪಂದದಡಿ ಅದು 10%. ಇದಕ್ಕಾಗಿ ಆದಾಯ ತೆರಿಗೆ ಇಲಾಖೆಯಿಂದ ತೆರಿಗೆ ನಿವಾಸಿ ಪ್ರಮಾಣಪತ್ರವನ್ನು ಹೊರಡುವ ಮೊದಲೇ ಪಡೆದು ಇನ್‌ವಾಯ್ಸ್ ಜೊತೆ ಲಗತ್ತಿಸಿದ್ದೆ. ಬಾಕಿ ಹಣ ಸೆಪ್ಟೆಂಬರಿನಲ್ಲಿ ಬಂತು, 10% ಮಾತ್ರ ಕಡಿತವಾಗಿತ್ತು. ಮುರಿದುಕೊಂಡ ತೆರಿಗೆಯ ಪ್ರಮಾಣಪತ್ರಕ್ಕಾಗಿ ಮೂರು ಸಲ ಬರೆಯಬೇಕಾಯಿತು. ಅದು ಕೈಸೇರಿದ ಮೇಲೆಯೇ ಇಲ್ಲಿನ ರಿಟರ್ನ್‌ನಲ್ಲಿ ಆ ಮೊತ್ತವನ್ನು ಹೊಂದಿಸಿಕೊಂಡೆ.