ಹೊಸ ಗೊಬ್ಬರ ಪರೀಕ್ಷಿಸುವಾಗ ಅರ್ಧ ಸಸಿಗಳನ್ನು ಹಾಕದೆ ಬಿಡಿ

ಅಡಿಕೆ ಸಸಿಗೆ ಹೊಸ ಗೊಬ್ಬರ ತಂದವರು ಎಲ್ಲ ಸಸಿಗೂ ಒಟ್ಟಿಗೆ ಹಾಕಬೇಡಿ. ಒಂದೇ ಮರದ ಬೀಜದ, ಒಂದೇ ಪ್ರಾಯದ ಸಸಿಗಳಲ್ಲಿ ಅರ್ಧಕ್ಕೆ ಹಾಕಿ, ಅರ್ಧ ಹಾಗೇ ಬಿಡಿ. ಯಾವುದಕ್ಕೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ನಾವೇ ಆರಿಸಿದರೆ ಕೈ ಚೆಂದದ ಸಸಿಗೇ ಹೋಗುತ್ತದೆ, ಅಲ್ವಾ? ಎರಡೂ ಬಗೆಯ ತೊಟ್ಟೆಗಳನ್ನು (ಸಸಿ ಬೆಳೆಸುವ ಪ್ಲಾಸ್ಟಿಕ್ ಚೀಲಗಳನ್ನು) ಬೆರೆಸಿಯೇ ಇಡಿ. ಬೇರೆ ಬೇರೆ ಸಾಲಲ್ಲಿಟ್ಟರೆ ನೆರಳು, ನೀರಿನ ವ್ಯತ್ಯಾಸವೇ ಗೊಬ್ಬರದ ಗುಣದಂತೆ ಕಾಣುತ್ತದೆ. ಎತ್ತರ ಮಾತ್ರ ಅಳೆದರೆ ಸಾಲದು, ಎಲೆ ಎಷ್ಟು, ಬುಡ ಎಷ್ಟು ದಪ್ಪ ಎಂದೂ ಬರೆದಿಡಿ. ನೆರಳು ಜಾಸ್ತಿಯಾದರೆ ಸಸಿ ಸುಮ್ನೆ ಉದ್ದವಾಗುತ್ತದೆ. ನಮ್ಮ ಕಾಸರಗೋಡಿನ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಬಯಲಲ್ಲಿಟ್ಟರೆ ಮಾತ್ರ ಈ ಪರೀಕ್ಷೆ ಕೈಕೊಡುತ್ತದೆ: ಹಾಕಿದ್ದೆಲ್ಲ ತೊಳೆದುಹೋಗುತ್ತದೆ. ಎರಡು ಮೂರೇ ಸಸಿ ನೋಡಿ ತೀರ್ಮಾನಿಸುವುದೂ ಬೇಡ.