ಸರ್ಕಾರಿ ಕಾಮಗಾರಿಯಲ್ಲಿ ಕೂಲಿ ಕಡಿಮೆ ಕೊಟ್ಟರೆ ದೂರು ಸಲ್ಲಿಸುವ ಬಗೆ

ಸರ್ಕಾರಿ ರಸ್ತೆ ಅಥವಾ ಕಟ್ಟಡದ ಕೆಲಸದಲ್ಲಿ ಗುತ್ತಿಗೆದಾರರು ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿ ಕೊಟ್ಟಿದ್ದರೆ, ಮೊದಲು ಹಾಜರಿ ಪುಸ್ತಕದ ಫೋಟೊ, ಬ್ಯಾಂಕ್ ಪಾಸ್‌ಬುಕ್, ಮೇಸ್ತ್ರಿ ಚೀಟಿಯಲ್ಲಿ ಬರೆದುಕೊಟ್ಟ ಲೆಕ್ಕ ಇವನ್ನೆಲ್ಲ ಕೂಡಿಸಿಟ್ಟುಕೊಳ್ಳಿ. ಕಾಮಗಾರಿಯ ನಾಮಫಲಕದ ಚಿತ್ರವನ್ನೂ ತೆಗೆದುಕೊಳ್ಳಿ. ಅದನ್ನು ಓದುವವರು ಕಡಿಮೆ, ಆದರೆ ಇಲಾಖೆ ಯಾವುದು, ಗುತ್ತಿಗೆ ಯಾರದು ಎಂಬುದು ಸಾಮಾನ್ಯವಾಗಿ ಅಲ್ಲಿಯೇ ಸಿಗುತ್ತದೆ.

ಬಳಿಕ ಕಾರ್ಮಿಕ ಇಲಾಖೆಯ ಸ್ಥಳೀಯ ಕಚೇರಿಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿ ಪಡೆದು, ಪ್ರತಿಯನ್ನು ಕಾಮಗಾರಿಯ ಕಾರ್ಯಪಾಲಕ ಎಂಜಿನಿಯರರಿಗೂ ಸಲ್ಲಿಸಿ. ಇದು ಬರಿಯ ಶಿಷ್ಟಾಚಾರವಲ್ಲ. 50 ಅಥವಾ ಹೆಚ್ಚು ಗುತ್ತಿಗೆ ಕಾರ್ಮಿಕರಿರುವ ಕಡೆ ಗುತ್ತಿಗೆದಾರರು ಉಳಿಸಿಕೊಂಡ ಕೂಲಿಯನ್ನು ಮೂಲ ಮಾಲೀಕರಾದ ಇಲಾಖೆಯೇ ಪಾವತಿಸಬೇಕೆಂದು 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಹೇಳುತ್ತದೆ. ಇಲಾಖೆ ಅದನ್ನು ಗುತ್ತಿಗೆದಾರರ ಬಿಲ್ಲಿನಲ್ಲಿ ಮುರಿದುಕೊಳ್ಳಬಹುದು. 2019ರ ವೇತನ ಸಂಹಿತೆಯಡಿ ಬಾಕಿಗಾಗಿ ಅರ್ಜಿ ಹಾಕಲು 3 ವರ್ಷಗಳ ಅವಕಾಶವಿದ್ದು, ಪ್ರಾಧಿಕಾರವು ಬಾಕಿಯ ಜೊತೆಗೆ ಅದರ 10 ಪಟ್ಟಿನವರೆಗೂ ಪರಿಹಾರ ಕೊಡಿಸಬಹುದು.